ಕಾಡುಗೆಣಸಿನ ಮೇಸ್ತ್ರಿಯಕ್ಕ

ಮೇಸ್ತ್ರಿಯಕ್ಕನನ್ನು ನಾನು ಮೊದಲು ಕಂಡದ್ದು ಕಾಡಿನ ಅಂಚಿನಲ್ಲಿ, ಗಂಡ ತೀರಿಹೋದ ವರ್ಷ, ಕಾಡುಗೆಣಸು ಅಗೆಯುವ ಕೆಲಸಕ್ಕೆ ಸೇರಿದ ಬೆಳಿಗ್ಗೆ. ಅವಳ ಕೈಯಲ್ಲಿ ಹೂಬಿಟ್ಟ ಬಳ್ಳಿಯೊಂದಿತ್ತು. ಎಸಳು ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಎಲೆಯ ತುದಿ ಮೀಸೆಯ ಹಾಗೆ ಸುರುಳಿ.

"ನಿಮ್ಮೂರಲ್ಲಿ ಇದಕ್ಕೇನಂತಾರೆ?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು.

"ಬೆಂಕಿನಾಲಿಗೆ."

"ಹುಲಿಯುಗುರು, ಅಕ್ಕಾ."

"ನಮ್ಮಲ್ಲಿ ಅತ್ತೆಮುನಿಸು. ನೋಡೋಕೆ ಚಂದ, ಗಡ್ಡೆ ತಿಂದ್ರೆ ಕಥೆ ಮುಗೀತು!"

ಎಲ್ಲರೂ ನಕ್ಕರು. ನಾನು ಪೇಟೆಯಲ್ಲಿ ಬೆಳೆದವಳು, ಬಾಯಿ ಬಿಡಲಿಲ್ಲ.

"ಹೆಸರೇ ಗೊತ್ತಿಲ್ದೋಳು ಗಿಡಾನೂ ನೋಡಿರಲ್ಲ. ಬಾರೇ, ನನ್ನ ಪಕ್ಕದಲ್ಲೇ ಅಗಿ," ಎಂದಳು.

ಹೊಸಬರು ಬಂದಾಗಲೆಲ್ಲ ಹೀಗೇ ಕೇಳುತ್ತಿದ್ದಳು. ಹೆಸರು ಏನಾದರೂ ಇರಲಿ, ಸುಮ್ಮನಿದ್ದವರ ಮೇಲೆ ಅವಳ ಕಣ್ಣು.

ಮಣ್ಣು ಮೆತ್ತಿಕೊಂಡರೆ ಆ ಬಳ್ಳಿಯ ವಿಷದ ಗಡ್ಡೆ ಗೆಣಸಿನ ಹಾಗೆಯೇ ಕಾಣುತ್ತದೆ. ನಾವು ಅಗೆದದ್ದು ಸಂತೆಗೆ ಹೋಗಿ ಎಷ್ಟೋ ಮನೆಗಳ ಒಲೆ ಏರುತ್ತಿತ್ತು. ಅದಕ್ಕೇ ಸಂಜೆ ನಮ್ಮ ಬುಟ್ಟಿಗಳನ್ನು ಸುರಿಸಿ, ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದಳು. ನಮ್ಮ ಗೆಣಸು ತಿಂದವರು ಯಾರೂ ಹೊಟ್ಟೆ ಹಿಡಿದುಕೊಂಡದ್ದಿಲ್ಲ. ಸಂತೆಯಲ್ಲಿ ನಾವು ತಲೆಯೆತ್ತಿ ನಡೆಯುತ್ತಿದ್ದೆವು.

ವಯಸ್ಸಾದಂತೆ ಅವಳ ಕಣ್ಣು ಮಂಜಾಯಿತು. ಹೇಳಿಕೊಳ್ಳಲಿಲ್ಲ, ನಾವೂ ಕೇಳಲಿಲ್ಲ. ಒಂದು ಸಂಜೆ ಅವಳ ಬುಟ್ಟಿಯನ್ನು ಗಾಡಿಗೆ ಏರಿಸುವಾಗ ಮೇಲೆಯೇ ವಿಷದ ಗಡ್ಡೆ ಕಂಡಿತು. ಸದ್ದಿಲ್ಲದೆ ಎಸೆದುಬಿಟ್ಟರೆ ಅವಳ ಮಾನ ಉಳಿಯುತ್ತಿತ್ತು. ಅಡಿಯಲ್ಲಿ ಇನ್ನೊಂದಿದ್ದರೆ? ಗಡ್ಡೆಯನ್ನು ಅವಳ ಅಂಗೈಯಲ್ಲಿಟ್ಟೆ.

"ಅಕ್ಕಾ, ಇದು ನಿನ್ನ ಬುಟ್ಟೀಲಿತ್ತು."

ಉಗುರಿನಿಂದ ಸಿಪ್ಪೆ ಕೆರೆದು ನೋಡಿದಳು. ಮುಖ ಬಾಡಿತು. ಆಮೇಲೆ ಗಂಟಲೆತ್ತಿ ಕೂಗಿದಳು.

"ಬನ್ರೇ ಎಲ್ಲಾ! ಊರಿಗೆಲ್ಲಾ ಬೈಯ್ಯೋಳ ಬುಟ್ಟೀಲೇ ಏನು ಕೂತಿತ್ತು ನೋಡ್ರೇ!"

ನಗಲು ನಮಗೆ ಧೈರ್ಯ ಬರಲಿಲ್ಲ. ತಾನೇ ಮೊದಲು ನಕ್ಕಳು. ಬುಟ್ಟಿಯನ್ನು ಎಲ್ಲರೆದುರು ಬೋರಲು ಹಾಕಿ, ನನ್ನ ಕೈಯಲ್ಲಿ ಒಂದೊಂದನ್ನೂ ಆಯಿಸಿದಳು.

"ನಾಳೆಯಿಂದ ಇವಳೇ ಮೇಸ್ತ್ರಿ. ನಾನು ನೀರು ಹೊರ್ತೀನಿ."

ಹೊತ್ತಳು ಕೂಡ, ಕಾಲು ಸೋಲುವ ತನಕ. ಅಂಥ ಎದೆಗಾರಿಕೆಯನ್ನು ನಾನು ಬೇರೆಯವರಲ್ಲಿ ಕಂಡಿಲ್ಲ.

ಅವಳು ಹಾಸಿಗೆ ಹಿಡಿದ ಮೇಲೆ ಒಂದು ದಿನ ಕೆಲಸ ಮುಗಿಸಿ ನೋಡಲು ಹೋದೆ. ಎಲ್ಲರ ಬುಟ್ಟಿಯನ್ನೂ ನೋಡಿ ಬಂದಿದ್ದೇನೆ, ಚಿಂತೆ ಮಾಡಬೇಡ ಎಂದೆ. ದಿಂಬಿನಿಂದ ಕತ್ತೆತ್ತಿ ಕೇಳಿದಳು:

"ಅದು ಸರಿ ಕಣೇ. ನಿನ್ನ ಬುಟ್ಟಿ ಯಾರು ನೋಡಿದ್ರು?"