ದೋಟಿಯ ತುದಿಗೆ ಕುಬುಸ

ಕಾನಹೊಸಹಳ್ಳಿ ಹತ್ತಿರದ ಕುರಿಗಾರರ ಹಟ್ಟಿಯಲ್ಲಿ ಹುಲುಗಮ್ಮನನ್ನು ಅರಿಯದವರಿಲ್ಲ. ದನಿ ಅಂಥದು. ಗುಡ್ಡದ ಈಚೆ ನಿಂತು ಕೂಗಿದರೆ ಆಚೆಯ ಕುರಿ ಮೇವು ಬಿಟ್ಟು ಕತ್ತೆತ್ತುತ್ತವೆ, ಅವುಗಳ ಜೊತೆ ಗಂಡ ಪಾಲಾಕ್ಷಪ್ಪನೂ ಎತ್ತುತ್ತಾನೆ. ಇಂಥ ಹೆಂಗಸು ಲಾಕ್‌ಡೌನ್ ಬಂದ ವರ್ಷದ ಬೇಸಿಗೆಯಲ್ಲಿ ಮಾತು ಬಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟಳು.

ಒಬ್ಬಳೇ ಮಗಳು ಸಂಗೀತಾ ಕೊಟ್ಟೂರಿನಾಚೆಯ ಹಳ್ಳಿಯಲ್ಲಿ ಚೊಚ್ಚಲ ಬಸುರಿ. ತವರಿನವರು ಹಸಿರು ಸೀರೆ, ಕುಬುಸ, ಬುತ್ತಿ ಹೊತ್ತು ಹೋಗಿ, ಬಸುರಿಯನ್ನು ಕೂರಿಸಿ, ಹಾಡಿ, ಉಣ್ಣಿಸಬೇಕು. ಏಳನೇ ತಿಂಗಳಲ್ಲಿ ಆಗಬೇಕಿದ್ದ ಈ ಕುಬುಸದ ಕಾರ್ಯ, ಕುರಿಮಂದೆ ದೂರದ ಸೀಮೆಯಲ್ಲಿ ಮೇಯುತ್ತಿದ್ದುದರಿಂದ ಒಂಬತ್ತಕ್ಕೆ ಹೋಗಿತ್ತು. ಒಂಬತ್ತೂ ಬಂತು, ಬಸ್ಸೂ ನಿಂತಿತು. ಸೀರೆ ಪೆಟ್ಟಿಗೆಯಲ್ಲೇ ಮಲಗಿತ್ತು. ಹೆರಿಗೆ ಆಗಿಬಿಟ್ಟರೆ ಆ ಸೀರೆಯನ್ನು ಯಾರಿಗೆ ಉಡಿಸುವುದು?

ಅಂಥ ಹೊತ್ತಿನಲ್ಲಿ ಕಾಂತೇಶನ ಫೋನು ಬಂತು. ಹುಲುಗಮ್ಮನ ಅಣ್ಣನ ಮಗ, ಸ್ಪೇನ್ ದೇಶದ ಹೋಟೆಲಿನಲ್ಲಿ ಅಡುಗೆಯವನು. ಹೋಟೆಲು ಮುಚ್ಚಿ, ರೂಮಿನಲ್ಲಿ ಕೂತು ಗಡ್ಡ ಬೆಳೆಸಿದ್ದ.

“ಅತ್ತಿ, ಇಲ್ಲಿ ಹೊರಗ ಕಾಲಿಟ್ರ ದಂಡ. ನಾಯಿ ಇದ್ದೋರಿಗೆ ಮಾತ್ರ ಬಿಡ್ತಾರ, ಅದನ್ನ ಅಡ್ಡಾಡಿಸಾಕ.”

“ಮನಷ್ಯಾರನ್ನ ಬಿಡಂಗಿಲ್ಲ, ನಾಯಿ ಬಿಡ್ತಾರೇನು?”

“ಹೂಂ ಮತ್ತ! ನಮ್ಮ ಬಿಲ್ಡಿಂಗಿನಾಗ ಒಂದ ನಾಯಿ ಐತಿ. ಮ್ಯಾಲಿನೋರು ಕೆಳಗಿನೋರು ಎಲ್ಲಾರೂ ಎರವು ತಗೊಂಡು ಹೋಗ್ತಾರ. ಈಗ ಹಗ್ಗ ಕಂಡ್ರ ಸಾಕು, ಅದು ಮಂಚದ ಕೆಳಗ ಅಡಕ್ಕಂತೈತಿ!”

ಹುಲುಗಮ್ಮನಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಕಾಂತೇಶ ಹುರುಪುಗೊಂಡ. “ಪನಾಮಾ ಅಂತ ಒಂದು ದೇಶ ಐತತ್ತಿ. ಅಲ್ಲಿ ಒಂದಿನ ಹೆಂಗಸ್ರು ಹೊರಗ ಬರಬೇಕಂತ, ಮರುದಿನ ಗಂಡಸ್ರು.”

“ಹಂಗಾದ್ರ ಗಂಡ ಸಂತಿಯಿಂದ ಕೊಳತ ಬದನಿಕಾಯಿ ತಂದ್ರ ಬೈಯಾಕ ಮರುದಿನದ ತನಕ ಕಾಯಬೇಕೇನು?”

“ಮನಿಯಾಗ ಬೈಬೌದು ಬಿಡತ್ತಿ, ಅದಕ್ಕ ಯಾವ ದೇಶದಾಗೂ ಲಾಕ್‌ಡೌನ್ ಇಲ್ಲ.”

ಪಕ್ಕದಲ್ಲಿ ಕೂತಿದ್ದ ಪಾಲಾಕ್ಷಪ್ಪ ಈ ಬದನೆಕಾಯಿಯ ಮಾತಿಗೆ ಬರಲೇ ಇಲ್ಲ. ಅವನು ಇನ್ನೂ ನಾಯಿಯ ಹತ್ತಿರವೇ ನಿಂತಿದ್ದ. “ಲೇ ಹುಲುಗಿ, ಅಲ್ಲಿ ಒಂದು ನಾಯಿಗೆ ಬಿಡ್ತಾರ. ನಮ್ಮ ಹಂತೇಲಿ ಇಡೀ ಹಿಂಡ ಐತಲ್ಲ!”

ಕುರಿ ಮೇಯಿಸಲು ತಡೆಯಿಲ್ಲವೆಂದು ಸರಕಾರವೇ ಹೇಳಿತ್ತು. ಕುರಿ ಮೇಯುತ್ತ ಮೇಯುತ್ತ ಕೊಟ್ಟೂರಿನ ಕಡೆ ಹೊರಟರೆ ಯಾರೇನು ಅಂದಾರು? ಹುಲುಗಮ್ಮ ಕಟ್ಟೆಯಿಂದ ಜಿಗಿದಳು. ಅವತ್ತೇ ಕಡುಬು, ಹೋಳಿಗೆ, ಸಜ್ಜೆ ರೊಟ್ಟಿ ಬುಟ್ಟಿ ತುಂಬಿದವು. ಬೆಳಗಾಗುವಷ್ಟರಲ್ಲಿ ಕುರಿ, ಮೇಕೆ, ಗಂಡ, ಹೆಂಡತಿ ಎಲ್ಲರೂ ದಾರಿಯಲ್ಲಿದ್ದರು.

ಹೆದ್ದಾರಿ ದಾಟುವ ಕಡೆ ಪೊಲೀಸಪ್ಪ ಲಾಠಿ ಅಡ್ಡ ಹಿಡಿದ. “ಎಲ್ಲಿಗಮ್ಮ?”

“ಮೇಯ್ಸಾಕ್ರಿ.”

“ಬುಟ್ಟ್ಯಾಗ ಹೋಳಿಗಿ ವಾಸನಿ ಬರ್ತೈತಿ?”

“ಟಗರಿಗ್ರಿ,” ಎಂದಳು ಹುಲುಗಮ್ಮ, ಕಣ್ಣು ಮಿಟುಕಿಸದೆ.

“ಟಗರು ಹೋಳಿಗಿ ತಿಂತೈತೇನು?”

“ತುಪ್ಪ ಹಾಕಿದ್ರ ತಿಂತೈತ್ರಿ,” ಎಂದು ಪಾಲಾಕ್ಷಪ್ಪ ಸೇರಿಸಿದ. “ಬರೇದು ಮುಟ್ಟಂಗಿಲ್ಲ.”

ಪೊಲೀಸಪ್ಪ ಮಾಸ್ಕಿನೊಳಗೇ ನಕ್ಕ. ಹೆಗಲು ಅಲುಗಿದ್ದರಿಂದ ಗೊತ್ತಾಯಿತು. “ಹೋಗ್ರಿ, ಹೋಗ್ರಿ. ಅಂತರ ಇರ್ಲಿ!” ಇಬ್ಬರೂ ಆ ಮಾತಿಗೆ ತಲೆಬಾಗಿ ಹಿಂಡಿನ ಈ ತುದಿಗೊಬ್ಬರು ಆ ತುದಿಗೊಬ್ಬರು ನಡೆದರು. ಕುರಿಗಳು ಮಾತ್ರ ಒಂದರ ಬಾಲಕ್ಕೆ ಒಂದು ಮೂತಿ ಒತ್ತಿಕೊಂಡು ಸರಕಾರಕ್ಕೆ ಅಂಜದೆ ಸಾಗಿದವು.

ಮರುದಿನ ಇಳಿಹೊತ್ತಿಗೆ ಮಗಳ ಊರು ಕಂಡಿತು. ಆದರೆ ದಾರಿಗೆ ಅಡ್ಡಲಾಗಿ ಆಳೆತ್ತರದ ಬೇಲಿ! ಊರವರು ಹಸಿ ಕರಿಜಾಲಿಯ ಕೊಂಬೆಗಳನ್ನು ಕಡಿದು ಒಟ್ಟಿದ್ದರು. ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ. ಕಾವಲಿಗೆ ನಿಂತಿದ್ದವನು ಸಂಗೀತಾಳ ಮಾವ ಚೌಡಣ್ಣನೇ. ಒಳಗಡೆ ಬಂಡೆ ಹತ್ತಿ ಬೇಲಿಯ ಮೇಲೆ ತಲೆ ಎತ್ತಿದ್ದ, ಟವೆಲನ್ನು ಮೂಗಿನ ತನಕ ಬಿಗಿದಿದ್ದ.

“ಅಲ್ಲೇ ನಿಲ್ಲ್ರಿ ಬೀಗ್ತಿ!”

“ನಿಮ್ಮ ಸೊಸಿಗೆ ಕುಬುಸ ತಂದೀನ್ರಿ.”

“ಸಂತೋಷ. ಆದ್ರ ಬೇಲಿ ಹಾಕ್ಸಿದೋನ ನಾನು. ನಾನ ತೆಗದ್ರ ನಾಳಿ ಊರಾಗ ಮಕ ಹೆಂಗ ತೋರಿಸ್ಲಿ?”

“ಮಕ ಹೆಂಗೂ ಮುಚ್ಚಿಕೊಂಡೀರಲ್ಲ, ಯಾರಿಗೆ ಗೊತ್ತಾಗ್ತೈತಿ!”

ಆಚೆ ಕಡೆ ಕಿಸಕ್ಕನೆ ನಕ್ಕಿದ್ದು, ತಾಯಿಯ ದನಿ ಕೇಳಿ ಬಂದಿದ್ದ ಸಂಗೀತಾ. ದನಿ ಕೇಳಿತೇ ಹೊರತು ದಟ್ಟ ಸೊಪ್ಪಿನಲ್ಲಿ ಮಗಳ ಸೆರಗಿನ ಚುಂಗೂ ಕಾಣಲಿಲ್ಲ. ಇಷ್ಟು ದೂರ ನಡೆದು ಬಂದು, ಎರಡು ಮಾರು ಆಚೆ ಮಗಳು! ಹುಲುಗಮ್ಮ ಬುಟ್ಟಿ ಕೆಳಗಿಳಿಸಿ ಕೊಂಬೆಗಳ ಸಂದಿಯಲ್ಲಿ ಇಣುಕಿದಳು.

ಅಷ್ಟರಲ್ಲಿ ಮೇಕೆಗಳು ಮುಂದೆ ಬಂದವು. ಬೇಸಿಗೆಯಲ್ಲಿ ಹಸಿ ಜಾಲಿ ಸೊಪ್ಪು! ಮುಂಗಾಲೆತ್ತಿ, ಗಡ್ಡ ಕುಣಿಸುತ್ತ, ಮುಳ್ಳು ತಪ್ಪಿಸಿ ಎಲೆ ಎಳೆಯತೊಡಗಿದವು.

“ಬೀಗಾ! ನಿಮ್ಮ ಮೇಕಿ ನಮ್ಮೂರ ರೂಲ್ಸು ತಿಂತದಾವ!” ಎಂದು ಚೌಡಣ್ಣ ಅರಚಿದ.

“ಹಸೀದು ಕಡದು ಹಾಕ್ಸೀರಿ, ತಿನ್ನದ ಬಿಡ್ತಾವೇನ್ರಿ?” ಎಂದ ಪಾಲಾಕ್ಷಪ್ಪ ಕೈಕಟ್ಟಿ ನಿಂತು. “ಮುಳ್ಳು ಮುಟ್ಟಂಗಿಲ್ಲ ತಗೋರಿ.”

ನಿಜವೇ. ಸೊಪ್ಪೆಲ್ಲ ಸವರಿ ಹೋಯಿತು, ಮುಳ್ಳಿನ ಬೇಲಿ ಇದ್ದ ಹಾಗೇ ಉಳಿಯಿತು. ಕಾಯಿದೆ ಮುರಿಯಲಿಲ್ಲ, ಮಗಳು ಪೂರಾ ಕಂಡಳು! ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ಬಗ್ಗಿ ಬಗ್ಗಿ ನಗುತ್ತಿದ್ದಳು. “ನಗಬ್ಯಾಡ ತಾಯಿ, ಇಲ್ಲೇ ಹಡದೀ!” ಎಂದು ಅತ್ತೆ ಹೊನ್ನೂರಮ್ಮ ಗಾಬರಿಯಿಂದ ಮಣೆ ತಂದು ಕೂರಿಸಿದಳು.

ಇನ್ನು ತಡವೇಕೆ? ಮರದ ಕೊಂಬೆ ಬಗ್ಗಿಸಿ ಕುರಿಗೆ ಸೊಪ್ಪು ಇಳಿಸುವ ಉದ್ದನೆಯ ದೋಟಿ ಪಾಲಾಕ್ಷಪ್ಪನ ಬಳಿಯೇ ಇತ್ತು. ಹುಲುಗಮ್ಮ ಅದರ ಕೊಕ್ಕೆಗೆ ಸೀರೆ, ಕುಬುಸದ ಗಂಟು ಸಿಕ್ಕಿಸಿದಳು. ದೋಟಿ ಬೇಲಿಯ ಮೇಲೆ ಹಾದು ಹೋಯಿತು. ಸರಕಾರ ಹೇಳಿದ ಅಂತರಕ್ಕಿಂತ ಉದ್ದವೇ ಇತ್ತು. ಚೌಡಣ್ಣ ಕಣ್ಣಳತೆ ಮಾಡಿ ಒಪ್ಪಿದ. ಹೊನ್ನೂರಮ್ಮ ಸೊಸೆಯ ಮೈಮೇಲೆ ಹಸಿರು ಸೀರೆ ಹೊದಿಸಿದಳು. ಆಚೆಯ ಹೆಂಗಸರು ದೂರ ದೂರ ನಿಂತು ಹಾಡಿಗೆ ದನಿ ಕೊಟ್ಟರು; ಈಚೆ ಹುಲುಗಮ್ಮ ಒಬ್ಬಳೇ ಅವರೆಲ್ಲರಿಗೂ ಸಾಟಿಯಾಗಿ ಹಾಡಿದಳು.

ಸಂಗೀತಾ ಮೊಬೈಲಿನಲ್ಲಿ ಕಾಂತೇಶನನ್ನು ಕರೆದಳು. ಅವನು ಬಾಲ್ಕನಿಗೆ ಓಡಿ ಫೋನಿನ ದನಿ ಜೋರು ಮಾಡಿದ. ದಿನಾ ಸಂಜೆ ಡಾಕ್ಟರು, ನರ್ಸುಗಳಿಗೆಂದು ಚಪ್ಪಾಳೆ ತಟ್ಟುವ ಆ ಊರಿನ ಜನ, ಅಲ್ಲಿ ಇನ್ನೂ ನಡುಮಧ್ಯಾಹ್ನವಾಗಿದ್ದರೂ ಬಾಲ್ಕನಿಗಳಿಗೆ ಬಂದು, ಏನೂ ತಿಳಿಯದಿದ್ದರೂ ಚಪ್ಪಾಳೆ ಹೊಡೆದರು. “ಯಾಕಂತ ಕೇಳಾಕತ್ಯಾರತ್ತಿ!” ಎಂದ ಕಾಂತೇಶ.

“ನಮ್ಮ ಹುಡುಗಿ ಬಸುರಿ ಅಂತ ಹೇಳು!” ಎಂದು ಹುಲುಗಮ್ಮ ಈಚೆಯಿಂದಲೇ ಕೂಗಿದಳು.

ಕೊನೆಗೆ ಕಡುಬಿನ ಬುತ್ತಿ ಹೋಯಿತು. ಸಂಗೀತಾ ಕೊಕ್ಕೆಯಿಂದ ಬಿಚ್ಚಿ, ತಾಯಿಯನ್ನೇ ನೋಡುತ್ತ ಕಚ್ಚಿದಳು. ಬೇಲಿಯ ಎರಡೂ ಕಡೆಯವರು ಅವಳ ಬಾಯನ್ನೇ ನೋಡಿದರು.

“ಇನ್ನೊಂದು ಕಳಸವ್ವಾ!” ಎಂದಳು ಬಾಯಿ ತುಂಬಿಕೊಂಡೇ.

ಹುಲುಗಮ್ಮ ಸೆರಗಿನಲ್ಲಿ ಕಣ್ಣೊರೆಸಿ, ನಗುತ್ತ, ಹೋಳಿಗೆಯ ಗಂಟು ಸಿಕ್ಕಿಸಿದಳು. ಬುಟ್ಟಿಯ ತಳ ಕಾಣುವ ತನಕ ದೋಟಿ ಹೋಗಿ ಬಂದು ಮಾಡಿತು.