ಚಪಾತಿ ಯಂತ್ರ ಬಂದ ವರ್ಷ

ಅಡುಗೆಗೆ ಬೇಸರವಾದ ದಿನ ಬೀದಿ ತುದಿಯ ಅಂಗಡಿಯಿಂದ ಪೊಟ್ಟಣದ ಚಪಾತಿ ತಂದು ಕಾವಲಿಯ ಮೇಲೆ ಬಿಸಿ ಮಾಡಿಕೊಳ್ಳುವುದು ಈಚೆಗೆ ನನಗೆ ರೂಢಿಯಾಗಿದೆ. ಹತ್ತು ಚಪಾತಿ, ಹತ್ತೂ ಒಂದೇ ಅಳತೆ, ಒಂದೇ ದಪ್ಪ, ಒಂದೇ ಬಣ್ಣ. ರುಚಿಯಲ್ಲಿ ತಪ್ಪು ಹುಡುಕಲಾರೆ. ಆದರೂ ಮೊದಲ ತುತ್ತು ಮುರಿಯುವಾಗ ಒಂದು ಹೆಸರು ನೆನಪಿಗೆ ಬರುತ್ತದೆ, ಹೆಸರಿನ ಬೆನ್ನಿಗೇ ಒಂದು ನಾಚಿಕೆ. ಓದುವ ನಿಮ್ಮನ್ನು ಆಪ್ತರೆಂದು ನಂಬಿ, ಇದುವರೆಗೆ ಯಾರಿಗೂ ಹೇಳದ ಅದನ್ನು ಹೇಳಿಬಿಡುತ್ತೇನೆ.

ಬೋಗಾದಿಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ನಾನು ಬಹಳ ವರ್ಷ ವಾರ್ಡನ್ ಆಗಿದ್ದೆ. ಮುನ್ನೂರು ಹುಡುಗಿಯರಿಗೆ ದಿನವೂ ಸಂಜೆ ಚಪಾತಿಯಾಗಬೇಕು. ಅದಕ್ಕೆಂದೇ ನಾಲ್ವರು ಹೆಂಗಸರಿದ್ದರು. ಅವರಲ್ಲಿ ಹಿರಿಯಳು ಚಿಕ್ಕತಾಯಮ್ಮ. ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಹಿನಕಲ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಗಂಡ ಇರಲಿಲ್ಲ, ಓದುವ ಮಗಳೊಬ್ಬಳಿದ್ದಳು. ಮಧ್ಯಾಹ್ನ ಮೂರಕ್ಕೆ ಕಣಕ ನಾದಲು ಕೂತರೆ ಏಳರವರೆಗೂ ಅವಳ ಲಟ್ಟಣಿಗೆ ನಿಲ್ಲುತ್ತಿರಲಿಲ್ಲ. ಅವಳು ಲಟ್ಟಿಸಿದ ಚಪಾತಿಗೆ ಒಂದು ಅಂಚು ತುಸು ದಪ್ಪ; ರಾಶಿಯಲ್ಲಿ ಬೆರೆಸಿಟ್ಟರೂ ಹುಡುಗಿಯರು ಅದನ್ನು ಗುರುತಿಸಿ ಎತ್ತಿಕೊಳ್ಳುತ್ತಿದ್ದರು. ಜ್ವರ ಬಂದು ಮಲಗಿದವಳಿಗೆ ಹಾಲಿನಲ್ಲಿ ಕಲಸಿದ ಎರಡು ಚಪಾತಿ ಬೇರೆಯೇ ಹೋಗುತ್ತಿತ್ತು. “ತಿನ್ಕಂಡು ಮಲೀಕೊ ಕೂಸೆ, ಪರೀಕ್ಸೆ ಎಲ್ಲೂ ಓಡೋಗಕ್ಕಿಲ್ಲ” ಎನ್ನುತ್ತಿದ್ದಳು. ಕೈಗುಣವೆಂದು ನಾವು ಸಲೀಸಾಗಿ ಹೇಳುವ ಮಾತಿಗೆ ಅವಳು ಕಣ್ಣಿಗೆ ಕಾಣುವ ಒಂದು ಅರ್ಥ ಕೊಟ್ಟಿದ್ದಳು.

ಆ ಕೈಯೇ ಸೋಲತೊಡಗಿತು. ಮಣಿಕಟ್ಟಿಗೆ ಹಳೆ ಸೀರೆಯ ಚೂರು ಬಿಗಿದುಕೊಂಡು ಲಟ್ಟಿಸುವುದನ್ನು ನಾನು ಎಷ್ಟೋ ದಿನ ನೋಡಿದೆ. ಊಟ ತಡವಾಗುತ್ತದೆಂದು ಹುಡುಗಿಯರ ದೂರೂ ಸೇರಿತು. ಆಡಳಿತದವರು ಶ್ರೀರಾಂಪುರದ ಒಂದು ಹಾಸ್ಟೆಲಿನಲ್ಲಿದ್ದ ಚಪಾತಿ ಯಂತ್ರವನ್ನು ನೋಡಿ ಬರಲು ನನ್ನನ್ನು ಕಳಿಸಿದರು. ಒಂದು ಬದಿಯಲ್ಲಿ ಕಣಕ ಹಾಕಿದರೆ ಇನ್ನೊಂದು ಬದಿಯಲ್ಲಿ ಉಬ್ಬಿದ ಚಪಾತಿಗಳು ಒಂದರ ಹಿಂದೊಂದು ಜಾರಿ ಬೀಳುತ್ತಿದ್ದವು. ನನಗೆ ಸಂತೋಷವೇ ಆಯಿತು. ನಮ್ಮಲ್ಲೂ ಇದು ಬೇಕು, ಹೆಂಗಸರ ಕೈನೋವು ತಪ್ಪುತ್ತದೆ, ಅವರನ್ನು ತರಕಾರಿ ಹೆಚ್ಚಲಿಕ್ಕೆ, ಬಡಿಸಲಿಕ್ಕೆ ಹಾಕಿಕೊಳ್ಳಬಹುದು ಎಂದು ನಾನೇ ಬರೆದುಕೊಟ್ಟೆ. ಬರೆಯುವಾಗ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಅದನ್ನು ನೀವು ನಂಬಬೇಕು.

ದಸರೆಗೆ ಒಂದು ವಾರವಿರುವಾಗ ಯಂತ್ರ ಬಂತು. ಆಯುಧಪೂಜೆಯ ದಿನ ಅಡುಗೆಮನೆಯ ಹೆಂಗಸರೆಲ್ಲ ಸೇರಿ ಅದನ್ನು ಒರೆಸಿ, ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದರು. ಬೂದುಗುಂಬಳಕಾಯಿ ಒಡೆದವಳು ಚಿಕ್ಕತಾಯಮ್ಮ. ಯಂತ್ರದ ನುಣುಪು ಬೆನ್ನನ್ನು ಸವರುತ್ತ, “ಇನ್ಮೇಲಾದ್ರೂ ನನ್ನ ಕೈ ಒಸಿ ಉಸಿರಾಡ್ತದೆ ಕಣಮ್ಮ” ಎಂದು ಪಕ್ಕದವಳಿಗೆ ಹೇಳಿದಳು.

ರಜೆ ಇನ್ನೂ ಮುಗಿದಿರಲಿಲ್ಲ, ಆಡಳಿತದವರು ನನ್ನನ್ನು ಕರೆಸಿದರು. ಯಂತ್ರಕ್ಕೆ ಒಬ್ಬರು ಸಾಕು, ತರಕಾರಿಗೂ ಬಡಿಸುವುದಕ್ಕೂ ಇರುವವರೇ ಹೆಚ್ಚು, ಆ ಒಬ್ಬರು ಯಾರೆಂದು ನೀವೇ ಹೇಳಿ ಎಂದರು. ನಾನು ನಾಲ್ವರಲ್ಲಿ ಕಿರಿಯಳಾದ ಸವಿತಳ ಹೆಸರು ಹೇಳಿದೆ. ಅವಳು ಗುಂಡಿಗಳ ಮೇಲಿನ ಇಂಗ್ಲಿಷ್ ಓದಬಲ್ಲಳು. ಇನ್ನು ಕೆಲಸವಿಲ್ಲವೆಂದು ನಾನು ತಿಳಿಸಿದಾಗ ಉಳಿದ ಮೂವರಲ್ಲಿ ಇಬ್ಬರು ಸಿಟ್ಟಿನಿಂದ ಎರಡು ಮಾತಾಡಿ ಹೊರಟುಹೋದರು. ಚಿಕ್ಕತಾಯಮ್ಮ ಸಿಟ್ಟಾಗಲಿಲ್ಲ, ಸುಮ್ಮನೆ ನನ್ನ ಮುಖ ನೋಡುತ್ತ ನಿಂತಳು. ಆ ನೋಟವನ್ನು ಎದುರಿಸಲಾರದೆ ನಾನೊಂದು ಮಾತು ಆಡಿದೆ. “ಹೊಸ ಬ್ಲಾಕು ತೆರೀತಾರಂತೆ ಚಿಕ್ಕತಾಯಮ್ಮ. ಆಗ ನಾನೇ ಕರೀತೀನಿ. ಅವಸರ ಮಾಡ್ಕೋಬೇಡಿ.” ಹೊಸ ಬ್ಲಾಕಿನ ಸುದ್ದಿಯೇ ಇರಲಿಲ್ಲ.

“ಆಗ್ಲಿ ಮೇಡಮ್ಮೋರೆ, ನೀವು ಅಂದ್ಮೇಲೆ ಆಯ್ತು” ಎಂದು ಅವಳು ಹೋದಳು.

ಯಂತ್ರವನ್ನು ಶಪಿಸಲು ನನಗೆ ಬಾಯಿ ಬರುವುದಿಲ್ಲ. ನನ್ನ ತಾಯಿ ನಸುಕಿನಲ್ಲಿ ಎದ್ದು ಒರಳ ಮುಂದೆ ಕೂರುತ್ತಿದ್ದಳು. ರುಬ್ಬುವ ಯಂತ್ರ ಮನೆಗೆ ಬಂದ ತಿಂಗಳು ಅವಳು ಸೂರ್ಯ ಹುಟ್ಟುವವರೆಗೂ ನಿದ್ದೆ ಮಾಡಿದ್ದನ್ನು ನಾವು ಮಕ್ಕಳು ಬೆರಗಿನಿಂದ ನೋಡಿದ್ದೆವು. ಒರಳಿನ ಕಾಲವೇ ಚೆನ್ನಾಗಿತ್ತೆಂದು ಹೇಳುವವರು ಒರಳು ತಿರುವಿದವರಲ್ಲ. ಬದುಕು ಸುಧಾರಿಸಿದೆಯೇ ಎಂದು ಕೇಳಿದರೆ ಅಮ್ಮನ ಆ ನಿದ್ದೆಯನ್ನು ತೋರಿಸಿ ಹೌದೆನ್ನುತ್ತೇನೆ. ನಮ್ಮ ಹಾಸ್ಟೆಲಿನಲ್ಲೂ ಊಟ ಹೊತ್ತಿಗೆ ಸರಿಯಾಗಿ ಆಗತೊಡಗಿತು, ದೂರು ನಿಂತಿತು. ಆದರೆ ಅಮ್ಮನಿಗೆ ಯಂತ್ರ ಕೊಟ್ಟದ್ದು ಬಿಡುವು. ಚಿಕ್ಕತಾಯಮ್ಮನಿಗೆ ಯಂತ್ರದಿಂದ ಸಿಕ್ಕಿದ್ದು ಕೇಳದೆಯೇ ಕೊಟ್ಟ ಬಿಡುಗಡೆ. ಎರಡು ಮಾತಿಗೂ ‘ಬಿಡು’ ಎಂಬ ಒಂದೇ ಧಾತು, ಆದರೆ ಯಂತ್ರ ಯಾರದೆಂಬುದರಲ್ಲಿ ಎಲ್ಲ ವ್ಯತ್ಯಾಸವೂ ಅಡಗಿತ್ತು. ಅಮ್ಮ ಉಳಿಸಿದ ಹೊತ್ತು ಅಮ್ಮನಿಗೇ ಉಳಿಯಿತು. ಚಿಕ್ಕತಾಯಮ್ಮನಿಂದ ಉಳಿದ ಹೊತ್ತು ಯಾರ ಪಾಲಾಯಿತೋ, ಅವಳಿಗಂತೂ ಬರಲಿಲ್ಲ.

ನಿವೃತ್ತಳಾಗಿ ಮೂರು ವರ್ಷವಾದ ಮೇಲೆ, ಹೋದ ತಿಂಗಳು, ಹಿನಕಲ್‌ನಲ್ಲಿ ಪರಿಚಯದವರ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಮೆಟ್ಟಿಲು ಒರೆಸುತ್ತಿದ್ದ ಹೆಂಗಸು ತಲೆಯೆತ್ತಿ, “ಮೇಡಮ್ಮೋರಲ್ವಾ?” ಎಂದಳು. ಚಿಕ್ಕತಾಯಮ್ಮ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೆಲಸ ಮುಗಿಸಿ, ಬೇಡವೆಂದರೂ ಬಿಡದೆ, ಎರಡು ಬೀದಿಯಾಚೆಯ ತನ್ನ ಮನೆಗೆ ನನ್ನನ್ನು ಕರೆದುಕೊಂಡು ಹೋದಳು. ಒಂದೇ ಕೋಣೆ. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಅಂದಿನ ಹೂವು ಹಾಕಿತ್ತು. ಇರುವ ಒಂದು ಕುರ್ಚಿಯಲ್ಲಿ ನನ್ನನ್ನು ಕೂರಿಸಿ ತಾನು ನೆಲದ ಮೇಲೆ ಕೂತು, ಹುಡುಗಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ವಿಚಾರಿಸಿದಳು. ಅರ್ಧದಷ್ಟು ಹೆಸರುಗಳು ನನಗೇ ಮರೆತಿದ್ದವು.

ಹೇಳದಿದ್ದರೆ ಆ ಕುರ್ಚಿಯಲ್ಲಿ ಕೂರಲಾಗದು ಅನ್ನಿಸಿತು. “ಆ ಯಂತ್ರ ತರಿಸಿ ಅಂತ ಬರ್ದುಕೊಟ್ಟವಳು ನಾನೇ ಚಿಕ್ಕತಾಯಮ್ಮ” ಎಂದೆ.

“ಗೊತ್ತು ಬುಡಿ. ಸವಿತ ಏಳಿದ್ಲು. ನೀವಲ್ದಿದ್ರೆ ಇನ್ಯಾರಾದ್ರೂ ಬರೀತಿದ್ರು” ಎಂದಳು. ಅಷ್ಟು ಹಗುರವಾಗಿ ಕ್ಷಮಿಸಿಬಿಟ್ಟಳಲ್ಲ ಎಂದು ನನ್ನ ಎದೆಯ ಭಾರ ತುಸು ಇಳಿಯಿತು.

ಅಷ್ಟರಲ್ಲಿ ಬಟ್ಟೆ ಅಂಗಡಿಯ ಕೆಲಸ ಮುಗಿಸಿಕೊಂಡು ಮಗಳು ಬಂದಳು. ಇಪ್ಪತ್ತೈದರ ಆಸುಪಾಸಿನ, ತಾಯಿಯದೇ ಕಣ್ಣಿನ ಹುಡುಗಿ. “ಇವ್ರೇ ಕಣೆ ನಮ್ಮ ಆಸ್ಟಲ್ ಮೇಡಮ್ಮು” ಎಂದಳು ಚಿಕ್ಕತಾಯಮ್ಮ ಹೆಮ್ಮೆಯಿಂದ.

ಹುಡುಗಿ ಚಪ್ಪಲಿ ಬಿಡುತ್ತಿದ್ದವಳು ನನ್ನನ್ನು ನೋಡಿದಳು. “ಕರೀತೀನಿ ಅಂದಿದ್ರಲ್ಲ, ಅವ್ರಾ?”

“ಸುಮ್ಕಿರು” ಎಂದಳು ತಾಯಿ. ಹುಡುಗಿ ಜಗಳಕ್ಕೆ ಬಂದವಳಂತೆ ಮಾತಾಡಲಿಲ್ಲ, ನಡೆದದ್ದನ್ನು ಹೇಳುವವಳ ದನಿಯಲ್ಲೇ ಹೇಳಿದಳು. ಆ ವರ್ಷ ಒಂದು ಕಲ್ಯಾಣಮಂಟಪದ ಅಡುಗೆಯವರು ಚಪಾತಿ ಕೆಲಸಕ್ಕೆ ಅಮ್ಮನನ್ನು ಖಾಯಮ್ಮಾಗಿ ಕರೆದರಂತೆ. ಮೇಡಮ್ಮು ಮಾತು ಕೊಟ್ಟಿದ್ದಾರೆ ಎಂದು ಅಮ್ಮ ಒಪ್ಪಲಿಲ್ಲವಂತೆ. ದಸರೆಯಿಂದ ಸಂಕ್ರಾಂತಿಯವರೆಗೆ ಕಾದಳಂತೆ. ಹೋಗಿ ಕೇಳೋಣವೆಂದರೆ, ಕೇಳಿದರೆ ನಂಬಿಕೆಯಿಲ್ಲ ಅಂದುಕೊಳ್ತಾರೆ, ಬೇಡ ಅಂದಳಂತೆ. “ಆಮೇಲೆ ಮಂಟಪದೋರು ಬೇರೆಯೋರ್ನ ಇಟ್ಕಂಡ್ರು. ನಂದು ನರ್ಸಿಂಗ್ ನಿಂತೋಯ್ತು.”

ನಾನು ಇಷ್ಟು ವರ್ಷ ಯಂತ್ರವನ್ನು ಮುಂದೆ ನಿಲ್ಲಿಸಿಕೊಂಡು ವಿಚಾರಣೆ ಮಾಡುತ್ತಿದ್ದ ಅಪರಾಧ ಅದರದ್ದಾಗಿರಲಿಲ್ಲ. ಕಬ್ಬಿಣ ತನ್ನ ಕೆಲಸ ಮಾಡಿತ್ತು. ಸುಳ್ಳು ಹೇಳಲು ಅದಕ್ಕೆ ನಾಲಿಗೆ ಇರಲಿಲ್ಲ, ನನಗಿತ್ತು.

ಚಿಕ್ಕತಾಯಮ್ಮ ಒಲೆಯ ಮೇಲಿಟ್ಟಿದ್ದ ಟೀ ಉಕ್ಕುತ್ತಿತ್ತು. ತಾಯಿ ಏಳುವ ಮೊದಲೇ ಹುಡುಗಿ ಹೋಗಿ ಉರಿ ತಗ್ಗಿಸಿ, ಮೂರು ಲೋಟಕ್ಕೆ ಸೋಸಿದಳು. ಮೊದಲನೆಯದನ್ನು ನನ್ನ ಮುಂದಿಟ್ಟು, ಇನ್ನೂ ಉತ್ತರ ಸಿಕ್ಕದವಳ ಹಾಗೆ ನಿಂತಳು.

“ಹೌದಮ್ಮ, ಅವಳೇ ನಾನು” ಎಂದೆ.