ಕೀಲಿ ತೆಗೆಯದೆ ನಿಂತ ಗಾಡಿ

ನಮ್ಮ ಕಡೆ ಗಾಡಿಯ ಮೇಲೆ ಹೋಗುವವರು ಎದುರಾದರೆ ಬರೀ ಕೈ ಎತ್ತಿ ಮುಂದೆ ಹೋಗುವ ರೂಢಿ ಇಲ್ಲ. ಅಡ್ಡ ನಿಂತು, ಹ್ಯಾಂಡಲ್ ಹಿಡಿದು, ಮನೆಮಂದಿಯ ಸುದ್ದಿಯೆಲ್ಲ ಕೇಳಿ ಮುಗಿಸುವ ತನಕ ಬಿಡುವುದಿಲ್ಲ. ಮಾತಿನ ನಡುವೆ ಆಕ್ಸಿಲರೇಟರ್ ತಿರುವುವುದೂ ಉಂಟು. ಪೆಟ್ರೋಲ್ ಗಾಡಿ ನ್ಯೂಟ್ರಲ್‌ನಲ್ಲಿದ್ದರೆ ಗುರ್ರೆಂದು ಸುಮ್ಮನಾಗುತ್ತದೆ. ಬ್ಯಾಟರಿ ಗಾಡಿಗೆ ಅಷ್ಟು ಸೌಜನ್ಯವಿಲ್ಲ. ಇದನ್ನು ನಾನು ಕಲಿತದ್ದು ನನ್ನ ಅಕ್ಕನ ಮಣಿಕಟ್ಟು ಮುರಿದ ಮೇಲೆ.

ನಾನು ಮಂಠಾಳದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಅಕ್ಕ ಅದೇ ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಾಳೆ. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇರುವ ಅವಳು ತನ್ನದೆಂದು ಹಿಡಿದುಕೊಂಡದ್ದು ಆ ಒಂದು ಕೆಲಸ. ಬಸವಕಲ್ಯಾಣದಿಂದ ದಿನಾ ಇಬ್ಬರೂ ಬಸ್ಸಿನಲ್ಲಿ ನಿಂತು ನಿಂತು ಬೇಸತ್ತು, ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಬ್ಯಾಟರಿ ಸ್ಕೂಟರೊಂದನ್ನು ಬಾಡಿಗೆಗೆ ತಂದೆ. ಅಂಗಡಿಯಾಕೆ ನನ್ನ ಲೈಸನ್ಸ್ ನೋಡಿ, ಎರಡು ಹೆಲ್ಮೆಟ್ ಕೈಗಿಟ್ಟು, ಬೆರಳು ಮಡಚುತ್ತ ಶುರು ಮಾಡಿದಳು: "ಇಬ್ಬರೂ ಹಾಕ್ಕೋರಿ. ಮೂರನೇದವ್ರನ್ನ ಕುಂಡ್ರಿಸಬ್ಯಾಡ್ರಿ. ನಿಂತ ಕೂಡ್ಲೇ ಕೀಲಿ ಬಂದ್ ಮಾಡ್ರಿ. ಇದಕ್ಕ ಸಪ್ಪಳ ಇಲ್ಲ, ಚಾಲೂ ಅದನೋ ಇಲ್ಲೋ ತಿಳಿಯಂಗಿಲ್ಲ."

ದಿನವಿಡೀ ಮಕ್ಕಳಿಗೆ ಪಾಠ ಹೇಳುವವಳಿಗೇ ಪಾಠವೇ ಎಂದು ಒಳಗೊಳಗೇ ನಕ್ಕೆ. ಸೊಕ್ಕು, ಮತ್ತೇನು.

ಎರಡನೇ ವಾರ, ಮಂಠಾಳದ ಚಹಾ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದೆ. ಕೀಲಿ ಹಾಗೇ ಇತ್ತು. ಅಕ್ಕ ಒಂದು ಕಾಲು ಇಳಿಸಿದ್ದಳು. ಊರೊಳಗೆ ಬಂದಾಯಿತಲ್ಲ ಎಂದು ಆಗಲೇ ಹೆಲ್ಮೆಟ್ ತೆಗೆದು ಮೊಣಕೈಗೆ ಸಿಕ್ಕಿಸಿಕೊಂಡಿದ್ದಳು. ಅಷ್ಟರಲ್ಲಿ ನನಗೆ ಅಕ್ಷರ ಕಲಿಸಿದ ಹಳೆಯ ಮಾಸ್ತರರು ಎದುರಿಗೆ ಬಂದರು. "ಏನವಾ ಟೀಚರ್, ಹೊಸಾ ಗಾಡಿ ಏನ?" ಎನ್ನುತ್ತ ಪ್ರೀತಿಯಿಂದಲೇ ಹ್ಯಾಂಡಲ್ ಹಿಡಿದು ತಿರುವಿದರು. ಗಾಡಿ ಚಂಗನೆ ಮುಂದಕ್ಕೆ ಹಾರಿತು. ನಾನು ಬ್ರೇಕ್ ಹಿಡಿಯುವಷ್ಟರಲ್ಲಿ ಅಕ್ಕ ಹೋಟೆಲಿನ ಮೆಟ್ಟಿಲ ಕಲ್ಲಿನ ಮೇಲೆ ಕೈಯೂರಿ ಬಿದ್ದಿದ್ದಳು. ತಲೆ ಆ ಕಲ್ಲಿನಿಂದ ಒಂದು ಗೇಣು ದೂರದಲ್ಲಿತ್ತು.

ಹುಮನಾಬಾದಿನ ಎಲುಬಿನ ಡಾಕ್ಟರ್ ಮೊಣಕೈತನಕ ಪ್ಲಾಸ್ಟರ್ ಹಾಕಿದರು. ಮನೆಯಲ್ಲಿ ಎಲ್ಲರ ಸಿಟ್ಟು ಗಾಡಿಯ ಮೇಲೆ. "ಜಲ್ದಿ ವಾಪಸ್ ಕೊಟ್ಟು ಬಾ, ಹೆಣ್ಮಕ್ಕಳಿಗ್ಯಾಕ ಬೇಕು ಇದು?" ಎಂದರು ನನ್ನ ಗಂಡ. ಮಾಸ್ತರರೂ ಮನೆಗೆ ಬಂದು, "ಆ ಗಾಡೀನೇ ಖರಾಬ್ ಅದ" ಎಂದು ನೊಂದುಕೊಂಡರು. ಎರಡು ದಿನ ನಾನೂ ಹೂಂ ಎಂದೆ. ತಪ್ಪನ್ನು ಗಾಡಿ ಹೊತ್ತರೆ ನನಗೆ ಹಗುರವಾಗುತ್ತಿತ್ತು.

ಮೂರನೇ ದಿನ ಆ ಹಗುರತನವೇ ಹೇಸಿಗೆ ಅನಿಸಿತು. ಮಾಸ್ತರರ ಮನೆಗೇ ಹೋಗಿ ಹೇಳಿದೆ: "ಸರ್, ಗಾಡಿ ಚಲೋ ಅದ. ಕೀಲಿ ತೆಗೀಲಿಲ್ಲ ನಾನು, ತಪ್ಪು ನಂದು. ಆದ್ರ ನೀವೂ ಇನ್ನ ಮ್ಯಾಲ ಯಾರ ಹ್ಯಾಂಡಲ್‌ಗೂ ಕೈ ಹಚ್ಚಬ್ಯಾಡ್ರಿ." ಗುರುಗಳಿಗೆ ಹೀಗೆ ಹೇಳುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅವರ ಮುಖ ಸಣ್ಣದಾಯಿತು. ಆಮೇಲೆ ಎಷ್ಟೋ ದಿನ ದಾರಿಯಲ್ಲಿ ಕಂಡರೂ ಮಾತಾಡಿಸಲಿಲ್ಲ. ಬೇಜಾರಾಯಿತು, ಆದರೆ ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಗಾಡಿಯನ್ನೂ ವಾಪಸ್ ಕೊಡಲಿಲ್ಲ. ನಿಂತ ಕೂಡಲೇ ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿಯುತ್ತಿದ್ದೆ. ಯಾರಾದರೂ ಹ್ಯಾಂಡಲ್ ಕಡೆ ಕೈ ಚಾಚಿದರೆ, "ದೂರ ನಿಂತು ಮಾತಾಡ್ರಿ" ಎನ್ನುತ್ತಿದ್ದೆ. ಟೀಚರಿಗೆ ಗಾಡಿಯ ಠೇಂಕಾರ ಬಂದಿದೆ ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ.

ನಿಜವಾದ ಚಿಂತೆ ಬೇರೆ ಇತ್ತು. ಅಕ್ಕನ ಹೊಲಿಗೆ ಕ್ಲಾಸ್ ನಿಂತುಹೋಗಿತ್ತು. ಎರಡು ತಿಂಗಳೊಳಗೆ ಬರದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದು ಕ್ಲಾಸ್ ನಡೆಸುವವರು ಹೇಳಿ ಕಳಿಸಿದ್ದರು. ಪ್ಲಾಸ್ಟರ್ ಬಿಚ್ಚಿದರೂ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವಷ್ಟು ಬಲ ಆ ಕೈಗೆ ಬಂದಿರಲಿಲ್ಲ. ಉಳಿದದ್ದು ನನ್ನ ಗಾಡಿಯ ಹಿಂದಿನ ಸೀಟು. ಅವಳೋ ಅಂಗಳದಲ್ಲಿ ಗಾಡಿ ಕಂಡರೆ ಒಳಗೆ ಹೋಗುತ್ತಿದ್ದಳು.

ಗಡುವು ಮುಗಿಯುವ ಹಿಂದಿನ ಸಂಜೆ ಅವಳ ಮುಂದೆ ಕುಳಿತು ಒಂದೊಂದಾಗಿ ಹೇಳಿದೆ. ನಿಧಾನ ಹೋಗೋಣ, ಪೂರ್ತಿ ನಿಂತ ಮೇಲೇ ನೀನು ಇಳಿ, ಕೀಲಿ ತೆಗೆದು ನಿನಗೆ ತೋರಿಸುತ್ತೇನೆ. ಅಕ್ಕ ನೋವಿದ್ದ ಕೈಯ ಬೆರಳುಗಳನ್ನು ಮಡಚಿ ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು.

"ನಾಳೆ ಬರ್ತೀನಿ" ಎಂದಳು. "ಆದ್ರ ಭಾಳ ದಿನ ಹಿಂದ ಕುಂಡ್ರಂಗಿಲ್ಲ. ಕೈಗೆ ಬಲ ಬಂದ ಮ್ಯಾಲ ನನಗ ಗಾಡಿ ಕಲಿಸು, ಲೈಸನ್ಸ್ ಮಾಡಿಸು."

"ಯಾಕಕ್ಕಾ, ನನ್ನ ಮ್ಯಾಲ ಇನ್ನೂ ಭರೋಸಾ ಇಲ್ಲೇನು?"

"ಅದಲ್ಲ. ಮಾಸ್ತರ್ ತಪ್ಪು, ನಿನ್ನ ತಪ್ಪು ಅಂತ ಊರೆಲ್ಲಾ ಮಾತಾಡ್ತು. ಬಿದ್ದಾಕಿ ಮಾತ್ರ ನಾನು. ಇನ್ನೊಮ್ಮೆ ಬಿದ್ರ, ನನ್ನ ತಪ್ಪಿಗೇ ಬೀಳ್ತೀನಿ."